ಪಾಳಿಮನೆಗೊಂದು ಗುಡಿಸು

ಬೆಳಗಿನ ಐದೂಕಾಲು. ಹಳೇ ಸೇತುವೆಯ ಕೆಳಗೆ ನೀರಿಗಿಳಿಯುವ ಕಲ್ಲುಮೆಟ್ಟಿಲುಗಳ ಮೇಲೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಪಾಚಿ ಕೆರೆಯುತ್ತಿದ್ದಾರೆ. ಕೈಯಲ್ಲಿರುವುದು ಗಾರೆ ಕೆಲಸದವರು ಬಿಸಾಡಿದ ಮೊಂಡು ಕರಣೆ. ಅಂಚಿನಿಂದ ಒಳಕ್ಕೊಂದು ಎಳೆತ, ಒಳಗಿನಿಂದ ಅಂಚಿಗೊಂದು ಎಳೆತ, ಆಮೇಲೆ ಮುಂದಿನ ಮೆಟ್ಟಿಲು. ಕೆರೆದದ್ದನ್ನು ನದಿಗೆ ತಳ್ಳಿಬಿಟ್ಟರೆ ಕೇಳುವವರಿಲ್ಲ. ಆದರೂ ಬಕೆಟ್ಟಿಗೆ ತುಂಬಿಕೊಳ್ಳುತ್ತಾರೆ.

"ನೀರಿಗೆ ಹಾಕಿದ್ರೆ ಕೆಳಗಿನ ಮೆಟ್ಟಿಲಿಗೆ ಹೋಗಿ ಅಂಟ್ಕೊಳ್ಳುತ್ತೆ. ಅದನ್ನ ಕೆರೆಯೋಳೂ ನಾನೇ ತಾನೆ?" ಎನ್ನುತ್ತಾರೆ, ತಲೆ ಎತ್ತದೆ. "ಪಾಚಿಗೆ ಬುದ್ಧಿ ಇಲ್ಲ ಅಂದ್ಕೋಬೇಡಿ. ನನಗಿಂತ ಮುಂಚೆ ಎದ್ದು ಡ್ಯೂಟಿಗೆ ಬರುತ್ತೆ."

ಆರು ಗಂಟೆಗೆ ನಡಿಗೆಯವರು ಬರುತ್ತಾರೆ. ಬಿಳಿ ಬೂಟು, ಕಿವಿಗೆ ಹಾಡು, ಕೆಲವರ ಕೈಯಲ್ಲಿ ನಾಯಿ. ಅಷ್ಟರೊಳಗೆ ದಾರಿ ತನ್ನಷ್ಟಕ್ಕೆ ತಾನೇ ಚೊಕ್ಕಟವಾಗಿ ಹುಟ್ಟಿತೇನೋ ಅನ್ನುವಂತಿರಬೇಕು. ಹಾಗಿರುತ್ತದೆ ಕೂಡ. ಮೂರು ಕಿಲೋಮೀಟರ್ ಉದ್ದದ ಈ ನದಿ ದಂಡೆಯ ಹಾದಿಗೆ ಇನ್ನೂರ ಹನ್ನೆರಡು ಮೆಟ್ಟಿಲು, ನಲವತ್ತಾರು ಕಲ್ಲುಬೆಂಚು, ಮೂರು ಉದ್ಯಾನ, ನಾಲ್ಕು ಐತಿಹಾಸಿಕ ಸ್ಮಾರಕ. ಎಲೆ ಉದುರುವ ಕಾಲದಲ್ಲಿ ದಿನಕ್ಕೆ ಹನ್ನೊಂದು ಚೀಲ ತರಗೆಲೆ, ಉಳಿದ ಕಾಲದಲ್ಲಿ ನಾಲ್ಕು. ಇದೆಲ್ಲಕ್ಕೂ ಇರುವುದು ಎರಡು ಕೈ. ವಯಸ್ಸು ನಲವತ್ತೇಳು. ನಡಿಗೆಯವರು ಇವರನ್ನು ಮೆಟ್ಟಿಲಕ್ಕ ಎಂದು ಕರೆಯುತ್ತಾರೆ, ಕರೆಯುವ ಅಗತ್ಯ ಬಿದ್ದಾಗ. ಸಾಮಾನ್ಯವಾಗಿ ನಾಯಿ ಗಲೀಜು ಮಾಡಿದಾಗ ಬೀಳುತ್ತದೆ.

ಹಾದಿಯ ಬಗ್ಗೆ ಅಚ್ಚಾದ ಚೆಂದದ ಕೈಪಿಡಿಯೊಂದಿದೆ. 'ಚರಿತ್ರೆಯನ್ನೂ ಹಸಿರನ್ನೂ ಒಂದೇ ದಾರದಲ್ಲಿ ಪೋಣಿಸಿದ ಮೆಲುನಡಿಗೆ' ಎಂದು ಅದರಲ್ಲಿ ಬರೆದಿದ್ದಾರೆ. ಹಳೇ ಸೇತುವೆ, ಕಾವಲು ಗೋಪುರ, ಉಪ್ಪಿನ ಉಗ್ರಾಣ, ಕೊನೆಗೆ ನೀರಿಗೆ ಮುಖಮಾಡಿ ನಿಂತ ನಾಲ್ಕು ಕೋಣೆಯ ಕಲ್ಲುಮನೆ. ಒಂದೊಂದರ ಮುಂದೂ ಐದು ತಿಂಗಳ ಹಿಂದೆ ಲೋಹದ ಫಲಕ ನಿಲ್ಲಿಸಿದ್ದಾರೆ. ಅಕ್ಷರಗಳು ಉಬ್ಬಿಕೊಂಡಿವೆ. ಕಣ್ಣು ಕಾಣದವರೂ ಬೆರಳಾಡಿಸಿ ಓದಿಕೊಳ್ಳಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ, ಇಲ್ಲ ಎನ್ನುವುದಿಲ್ಲ.

ಐದೂಮುಕ್ಕಾಲಿಗೆ ಮೆಟ್ಟಿಲಕ್ಕ ನಾಲ್ಕನೇ ಫಲಕದ ಮುಂದೆ ನಿಲ್ಲುತ್ತಾರೆ. ಸೊಂಟದಿಂದ ಹಳೆಯ ಬನಿಯನ್ ಬಟ್ಟೆ ತೆಗೆದು ಒದ್ದೆ ಮಾಡಿ ಒಂದೊಂದೇ ಅಕ್ಷರವನ್ನು ಸುತ್ತಿ ಒರೆಸುತ್ತಾರೆ. ಉಬ್ಬಕ್ಷರದ ಸಂದಿಯಲ್ಲಿ ಧೂಳು ಕೂರುತ್ತದೆ, ಅದಕ್ಕೆ ಬಟ್ಟೆಯ ತುದಿಯನ್ನು ಕಡ್ಡಿಗೆ ಸುತ್ತಿ ತಿರುವುತ್ತಾರೆ. ಫಲಕದ ಮೇಲೆ ದೊಡ್ಡದಾಗಿ 'ಪಾಳುಮನೆ' ಎಂದಿದೆ. ಕೆಳಗೆ ಸಣ್ಣಕ್ಷರದಲ್ಲಿ, 'ಶತಮಾನಕ್ಕೂ ಹೆಚ್ಚು ಕಾಲ ಜನವಸತಿ ಇಲ್ಲದೆ ಹಾಳುಬಿದ್ದಿದ್ದ ಈ ಕಟ್ಟಡಕ್ಕೆ ಮರುಜೀವ ನೀಡಲಾಗಿದೆ.'

ಬಟ್ಟೆ ಹಿಂಡುತ್ತಾ ಮೆಟ್ಟಿಲಕ್ಕ ಹೇಳುತ್ತಾರೆ: "ನಾನು ಹುಟ್ಟಿದ್ದು ಎಡಗಡೆಯಿಂದ ಎರಡನೇ ಕೋಣೇಲಿ."

ಆ ಮನೆಯ ನಿಜವಾದ ಹೆಸರು ಪಾಳಿಮನೆ. ಪಾಳಿ ಎಂದರೆ ಸರದಿ, ಹಗಲು ಪಾಳಿ ರಾತ್ರಿ ಪಾಳಿ ಎನ್ನುತ್ತೇವಲ್ಲ, ಅದೇ. ನಾಲ್ಕು ಕೋಣೆಗೆ ನಾಲ್ಕು ಸಂಸಾರ, ಎಲ್ಲರಿಗೂ ಸೇರಿ ಒಂದು ಒಲೆ, ಒಂದು ಗಂಟೆ. ನಾಲ್ಕು ಮನೆಯ ಗಂಡಸರು ಆರಾರು ಗಂಟೆಯಂತೆ ಸರದಿಯಲ್ಲಿ ಕೂತು ನದಿ ಕಾಯಬೇಕು. ನೀರು ಏರಿ ಮೇಲಿನಿಂದ ಒಂಬತ್ತನೇ ಮೆಟ್ಟಿಲು ಮುಟ್ಟಿದರೆ ತಗ್ಗಿನ ಬೀದಿಗಳಿಗೆ ಆಳು ಓಡಿಸಬೇಕು. ಐದನೇ ಮೆಟ್ಟಿಲು ಮುಟ್ಟಿದರೆ ಆಳು ಓಡಿಸಲು ಹೊತ್ತಿಲ್ಲ, ಗಂಟೆ ಬಾರಿಸಬೇಕು. ಒಂದೊಂದು ಮನೆಗೆ ಒಂದೊಂದು ಮರದ ಬಿಲ್ಲೆ. ಎಲೆ, ಮೀನು, ಕೊಡ, ಬಾಚಣಿಗೆ ಎಂದು ಅದರ ಮೇಲೆ ಕೆತ್ತನೆ. ಪಾಳಿಗೆ ಕೂರುವವನು ತನ್ನ ಬಿಲ್ಲೆಯನ್ನು ಬಾಗಿಲ ಮೊಳೆಗೆ ನೇತುಹಾಕುತ್ತಿದ್ದ. ಬಾಚಣಿಗೆ ಇವರ ಮನೆಯದು.

"ಜಗಳ ಆಡಿದ್ರೂ ಪಾಳಿ ನೋಡ್ಕೊಂಡು ಆಡಬೇಕಿತ್ತು" ಎಂದು ನಗುತ್ತಾರೆ ಮೆಟ್ಟಿಲಕ್ಕ. "ನಮ್ಮಜ್ಜಿ ಹೇಳೋರು, ನನ್ನ ಗಂಡ ಸಿಗೋದು ಹದಿನೆಂಟು ಗಂಟೆ, ಅದರಲ್ಲಿ ಹದಿನಾರು ಗಂಟೆ ಗೊರಕೆ ಅಂತ. ಆ ಮನೇಲಿ ಕಳ್ಳ ಅಂದ್ರೂ ಸಹಿಸ್ಕೊಳ್ಳೋರು, ಸುಳ್ಳ ಅಂದ್ರೂ ಸಹಿಸ್ಕೊಳ್ಳೋರು. ಪಾಳಿ ತಪ್ಪಿಸಿದೋನು ಅಂದ್ರೆ ಮಾತ್ರ ಕೈ ಕೈ ಮಿಲಾಯಿಸ್ತಿತ್ತು."

ಇವರ ಅಪ್ಪ ನಲವತ್ತೊಂದು ವರ್ಷ ಪಾಳಿ ಕೂತವರು. ಸುಮ್ಮನೆ ನೀರು ನೋಡುತ್ತಾ ಕೂತರೆ ಕಣ್ಣು ಎಳೆಯುತ್ತದೆಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದರು. ಸ್ಲೇಟಿಲ್ಲ, ಬಳಪವಿಲ್ಲ. ಒದ್ದೆ ಬೆರಳಲ್ಲಿ ಒಣಗಿದ ಕಲ್ಲಿನ ಮೇಲೆ ಬರೆಯುವುದು. ಅದು ಆರುವುದರೊಳಗೆ ಓದಬೇಕು, ಇಲ್ಲದಿದ್ದರೆ ಪಾಠ ಹೋಯಿತು. ತಲಕಟ್ಟು ಕ, ಇಳಿ ಕಾ, ಗುಡಿಸು ಕಿ, ಕೊಂಬು ಕು. ಶಾಲೆಗೆ ಹೋದದ್ದು ನಾಲ್ಕನೇ ತರಗತಿಯವರೆಗೆ. ಆದರೆ ಕಾಗುಣಿತ ಮಾತ್ರ ಈಕೆಯದು ಕಲ್ಲಿನಲ್ಲಿ ಕೊರೆದಂತಿದೆ. ಅಪ್ಪ ಬಡಿದ ಗಂಟೆಯೂ ಇವರಿಗೆ ನೆನಪಿದೆ. ಹನ್ನೊಂದು ವರ್ಷದವರಿದ್ದಾಗ ಒಂದು ಮುಂಜಾನೆ ನೀರು ಒಂಬತ್ತನೇ ಮೆಟ್ಟಿಲನ್ನು ಕೇಳದೆಯೇ ಐದನೆಯದಕ್ಕೆ ಬಂದಿತ್ತು. ಅಪ್ಪ ಮಧ್ಯಾಹ್ನದವರೆಗೆ ಹಗ್ಗ ಬಿಡಲಿಲ್ಲ. ತಗ್ಗಿನ ಆರು ಬೀದಿಗಳು ಎದ್ದು ಮೇಲಕ್ಕೆ ಹೋದವು, ಒಂದು ಜೀವವೂ ಹೋಗಲಿಲ್ಲ. ಅಪ್ಪನ ಬಲಗಿವಿ ಹೋಯಿತು.

ಆ ಗಂಟೆ ಈಗ ಎರಡನೇ ಉದ್ಯಾನದಲ್ಲಿ ಹೂವಿನ ಪಾತಿಯ ನಡುವೆ ತೂಗುತ್ತಿದೆ. ಮಕ್ಕಳು ಬಾರಿಸುತ್ತವೆ, ಸುತ್ತಲಿನ ಮನೆಯವರ ನಿದ್ದೆ ಕೆಡುತ್ತದೆ ಎಂದು ಅದರ ನಾಲಿಗೆ ಬಿಚ್ಚಿಟ್ಟಿದ್ದಾರೆ. ನಿದ್ದೆ ಕೆಡಿಸುವುದೇ ಅದರ ಕೆಲಸವಾಗಿತ್ತು ಎಂದು ಅವರಿಗೆ ಹೇಳುವವರಾರು?

ಮೇಲಿನ ಅಣೆಕಟ್ಟಿಗೆ ತಾನಾಗಿ ತೆರೆದು ಮುಚ್ಚುವ ಗೇಟು ಬಂದ ಮೇಲೆ ಪಾಳಿ ನಿಂತಿತು. ಹತ್ತು ವರ್ಷದ ಹಿಂದೆ ದಂಡೆಯ ಹಾದಿ ಬಂತು. ಮನೆ ಸೋರುತ್ತಿದೆ, ರಿಪೇರಿ ಮಾಡಿಸುತ್ತೇವೆ, ಮೂರು ತಿಂಗಳು ಎಲ್ಲಾದರೂ ಇದ್ದು ವಾಪಸ್ ಬನ್ನಿ ಎಂದು ಹಾದಿಯ ಕಚೇರಿಯಿಂದ ಯಾರೋ ಬಂದು ಹೇಳಿದರು. ನಾಲ್ಕು ಸಂಸಾರಗಳೂ ಪಾತ್ರೆಪಗಡ ಕಟ್ಟಿಕೊಂಡು ಹೊರಟವು. ಮೂರು ಸಂಸಾರ ದಿಕ್ಕಿಗೊಂದಾಗಿ ಚೆದುರಿಹೋದವು. ಇವರೊಬ್ಬರು ಮಾತ್ರ ಹತ್ತಿರದಲ್ಲೇ ಉಳಿದು, ಅದೇ ಹಾದಿಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿಕೊಂಡರು. ಹುಟ್ಟಿದ ಮನೆಯ ಅಂಗಳ ಗುಡಿಸಲು ಈಕೆ ಈಗಲೂ ದಿನಾ ಬರುತ್ತಾರೆ. ಒಳಗೆ ಹೋಗುವ ಹಾಗಿಲ್ಲ, ಬೀಗ ಹಾಕಿದೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಫಲಕ ನಿಲ್ಲಿಸಿದ ವಾರ ಈ ಹಾದಿಯ ಬಗ್ಗೆ ಇದೇ ಪುರವಣಿಯಲ್ಲಿ ಅರ್ಧ ಪುಟ ಬರೆದವರಲ್ಲಿ ನಾನೂ ಒಬ್ಬ. 'ಪಾಳುಮನೆಯ ಮೌನ' ಎಂದು ಒಂದು ಉಪಶೀರ್ಷಿಕೆ ಬೇರೆ ಕೊಟ್ಟಿದ್ದೆ. ಆ ದಿನ ಈಕೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲೇ ಇದ್ದಿರಬೇಕು. ನಾನು ಮೌನ ಕೇಳಿಸಿಕೊಳ್ಳುವುದರಲ್ಲಿ ಮಗ್ನನಾಗಿದ್ದೆ.

"ಓದಿದೆ" ಎಂದರು ಮೆಟ್ಟಿಲಕ್ಕ, ಮೊದಲ ಭೇಟಿಯಲ್ಲೇ. "ಚೆನ್ನಾಗಿ ಬರೆದಿದ್ರಿ. ತಪ್ಪು ಬರೆದಿದ್ರಿ." ಎರಡೂ ಮಾತಿಗೆ ಒಂದೇ ಧ್ವನಿ.

ಪ್ರತಿ ಭಾನುವಾರ ಒಬ್ಬ ಮಾರ್ಗದರ್ಶಿ ಇಪ್ಪತ್ತು ಮೂವತ್ತು ಜನರನ್ನು ಕರೆದುಕೊಂಡು ಬರುತ್ತಾನೆ. ಹಳದಿ ಕೊಡೆ ಎತ್ತಿ ಹಿಡಿದು ನಡೆಯುತ್ತಾನೆ, ಜನ ಕೊಡೆಯ ಹಿಂದೆ. ಮಾತುಗಾರ. ಫಲಕದಲ್ಲಿರುವುದನ್ನೇ ಓದಿದರೆ ಜನಕ್ಕೆ ಸಪ್ಪೆ ಎಂದು ಸ್ವಲ್ಪ ಒಗ್ಗರಣೆ ಹಾಕುತ್ತಾನೆ. ನಾನು ಹೋದ ಭಾನುವಾರ ಅವನು ಹೇಳಿದ್ದಿದು: "ಬೆಳಗಿನ ಜಾವ ಮಂಜಲ್ಲಿ ಇಲ್ಲಿ ಗಂಟೆ ಸದ್ದು ಕೇಳಿಸುತ್ತೆ ಅಂತಾರೆ. ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿರ್ತಾಳಂತೆ. ಹತ್ತಿರ ಹೋದ್ರೆ ಕಾಣಲ್ಲ." ಜನ ಹಿತವಾಗಿ ಬೆಚ್ಚಿದರು. ಆಮೇಲೆ ಅವನು ಹಿಂದೆ ತಿರುಗಿ, ಮೆಟ್ಟಿಲ ಮೇಲೆ ಕರಣೆ ಹಿಡಿದು ಕೂತಿದ್ದ ಹೆಂಗಸಿಗೆ, "ಅಕ್ಕಾ, ಒಂಚೂರು ಪಕ್ಕಕ್ಕೆ ಹೋಗಿ, ಫೋಟೋದಲ್ಲಿ ಬರ್ತೀರ" ಎಂದ.

ಮೆಟ್ಟಿಲಕ್ಕ ಬಕೆಟ್ ಎತ್ತಿಕೊಂಡು ಪಕ್ಕಕ್ಕೆ ಹೋದರು.

"ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ" ಎಂದರು ಆಮೇಲೆ. "ಅವನು ಹೇಳೋದರಲ್ಲಿ ಒಂದು ಮಾತು ನಿಜ. ಹತ್ರ ಬಂದ್ರೆ ನಾನು ಯಾರ ಕಣ್ಣಿಗೂ ಕಾಣಲ್ಲ."

ಕಾಣದಿದ್ದರೆ ಬೇಡ, ಹೇಗೋ ಇರುತ್ತಿದ್ದರು. ತೊಂದರೆ ಬಂದದ್ದು ಅಪ್ಪನಿಂದ. ಅವರಿಗೀಗ ಎಂಬತ್ತೆರಡು. ಬಸ್ ಡಿಪೋದ ಹಿಂದಿನ ಕಟ್ಟಡದಲ್ಲಿ ಮೂರನೇ ಮಹಡಿಯ ಎರಡು ಕೋಣೆಯೇ ಇವರ ಮನೆ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಮೆಟ್ಟಿಲಕ್ಕ ಮತ್ತು ಬೇಕರಿಯಲ್ಲಿ ಹಿಟ್ಟು ನಾದುವ ಗಂಡ. ಅಪ್ಪನ ಕಿಟಕಿ ಎದುರು ಗೋಡೆಗೆ ತೆರೆದುಕೊಳ್ಳುತ್ತದೆ, ಅದರಿಂದ ನಷ್ಟವಿಲ್ಲ, ಅವರ ಕಣ್ಣು ಹೋಗಿ ಆರು ವರ್ಷವಾಯಿತು. ಉಳಿದ ಎಡಗಿವಿಯಲ್ಲೇ ಬಸ್ಸುಗಳ ಸದ್ದು ಕೇಳಿ, "ಬೆಳಗಿನ ಪಾಳಿ ಹೊರಟಿತು," "ಎರಡನೇ ಪಾಳಿ ಬಂತು," ಎನ್ನುತ್ತಾ ಕೂತಿರುತ್ತಾರೆ. ಬೆರಳಿನ ನಡುವೆ ಬಾಚಣಿಗೆಯ ಬಿಲ್ಲೆ ಸದಾ ತಿರುಗುತ್ತಿರುತ್ತದೆ. ಕೆತ್ತನೆ ಸವೆದು ಬಾಚಣಿಗೆಯ ಹಲ್ಲುಗಳೆಲ್ಲ ಉದುರಿಹೋಗಿವೆ. "ನಮ್ಮಿಬ್ಬರದೂ ಒಂದೇ ವಯಸ್ಸು" ಎಂದು ತಮ್ಮ ಬೊಚ್ಚುಬಾಯಿ ತೆರೆದು ತೋರಿಸಿದರು.

ಐದು ತಿಂಗಳ ಹಿಂದೆ ಅಪ್ಪ ರೇಡಿಯೋದಲ್ಲಿ ಸುದ್ದಿ ಕೇಳಿದರು. ನದಿ ದಂಡೆಯ ಸ್ಮಾರಕಗಳಿಗೆ ಉಬ್ಬಕ್ಷರದ ಫಲಕ, ಕಣ್ಣಿಲ್ಲದವರೂ ಮುಟ್ಟಿ ಓದಬಹುದು. ಅಂದಿನಿಂದ ಅವರದ್ದು ಒಂದೇ ಜಪ. ನನ್ನ ಮನೆ ಹೆಸರು ಲೋಹದಲ್ಲಿ ಬರೆದಿದಾರಂತೆ, ಒಂದು ಸಲ ಮುಟ್ಟಿಸು.

"ನನಗೇನೂ ಸನ್ಮಾನ ಗಿನ್ಮಾನ ಬೇಡಪ್ಪ" ಎಂದರು ನನಗೆ. "ಪಾಳಿಮನೆ ಅಂತ ನಾಲ್ಕಕ್ಷರ. ಅಷ್ಟು ಮುಟ್ಟಿದ್ರೆ ಸಾಕು. ನಾಲ್ಕು ಮನೆಗೆ ನಾಲ್ಕಕ್ಷರ, ನೋಡು, ಲೆಕ್ಕ ಹೇಗೆ ಸರಿಹೋಗಿದೆ."

ಮೆಟ್ಟಿಲಕ್ಕ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು, ಫಲಕಕ್ಕೆ ಬಟ್ಟೆ ಮುಚ್ಚಿದ್ದಾರೆ ಎಂದರು. ಆಮೇಲೆ, ಬಣ್ಣ ಹಸಿ ಇದೆ ಎಂದರು. ಆಮೇಲೆ, ಪಾಚಿ ಹೆಚ್ಚು, ನೀನು ಜಾರುತ್ತೀಯ ಎಂದರು. "ಪಾಚಿ ಹೆಚ್ಚು ಅಂತ ನಾನೇ ಹೇಳೋದು ಅಂದ್ರೆ ನೋಡಿ" ಎಂದು ನನ್ನ ಹತ್ತಿರ ಆಮೇಲೆ ನೊಂದುಕೊಂಡರು. "ಹತ್ತು ವರ್ಷದಲ್ಲಿ ಒಬ್ಬರೂ ಜಾರಿ ಬಿದ್ದಿಲ್ಲ ಆ ಮೆಟ್ಟಿಲ ಮೇಲೆ. ನನ್ನ ಕೆಲಸಕ್ಕೆ ನಾನೇ ಹೆಸರು ಕೆಡಿಸ್ಕೊಂಡೆ."

ಸಬೂಬು ಹೇಳುತ್ತಾ ಕಾಲ ತಳ್ಳಿದ್ದು ಸುಮ್ಮನೆ ಅಲ್ಲ. ಅಪ್ಪ ಬರುವುದರೊಳಗೆ ಫಲಕ ತಿದ್ದಿಸಬೇಕು ಎಂದು ಹಟ ಹಿಡಿದಿದ್ದರು. ತಿದ್ದಬೇಕಾದದ್ದಾದರೂ ಎಷ್ಟು? 'ಳು'ವಿನ ಕೊಂಬು ತೆಗೆದು ಗುಡಿಸು ಕೊಟ್ಟರೆ 'ಳಿ' ಆಯಿತು. ಅಧಿಕಾರ ಬಂದವರಿಗೆ ಕೊಂಬು ಬರುವುದು ಲೋಕರೂಢಿ. ಇಲ್ಲಿ ಅಧಿಕಾರದವರು ಇನ್ನೊಬ್ಬರ ಮನೆಗೆ ಕೊಂಬು ಹಚ್ಚಿ ಪಾಳುಗೆಡವಿದ್ದರು.

ಮೆಟ್ಟಿಲಕ್ಕ ತಾವೇ ಕೂತು, ತಮ್ಮ ದುಂಡು ಅಕ್ಷರದಲ್ಲಿ ಅರ್ಜಿ ಬರೆದರು. ಹೆಸರು ಹಾಕಿದರೆ ಕೆಲಸಕ್ಕೆ ಕುತ್ತು ಎಂದು ಹೆದರಿ 'ನದಿ ದಂಡೆಯ ಹಿತೈಷಿ' ಎಂದು ಸಹಿ ಮಾಡಿದರು. ಒಕ್ಕಣೆ ಹೀಗಿತ್ತು: 'ನಾಲ್ಕನೇ ಸ್ಮಾರಕದ ಬಳಿ ಗುಡಿಸು ಬಿಟ್ಟುಹೋಗಿದೆ. ನೋಡಿದವರಿಗೆ ಪಾಳು ಎಂದು ಕಾಣುತ್ತದೆ. ದಯವಿಟ್ಟು ಕೂಡಲೇ ಗುಡಿಸು ಹಾಕಿಸಿಕೊಡಬೇಕು.'

ಕಾಗುಣಿತ ಬಲ್ಲ ಯಾರಿಗೇ ಆದರೂ ಅರ್ಥವಾಗಬೇಕಿತ್ತು. ಆದರೆ ಅರ್ಜಿ ಹೋದದ್ದು ಕಚೇರಿಗೆ. ಅಲ್ಲಿ ಗುಡಿಸು ಎಂದರೆ ಕಸ ಗುಡಿಸು. ಒಬ್ಬರು ಅಂಚಿನಲ್ಲಿ 'ಸ್ವಚ್ಛತೆ' ಎಂದು ಬರೆದರು, ಇನ್ನೊಬ್ಬರು 'ಸೂಕ್ತ ಕ್ರಮಕ್ಕೆ' ಎಂದು ಬರೆದರು, ಮತ್ತೊಬ್ಬರು 'ತುರ್ತು' ಎಂದು ಸೇರಿಸಿದರು. ಹದಿನೇಳು ದಿನ ಮೇಜಿನಿಂದ ಮೇಜಿಗೆ ಇಳಿದಿಳಿದು ಅರ್ಜಿ ಕೊನೆಗೆ ಕಸದವರ ಮೇಸ್ತ್ರಿಯ ಕೈಗೆ ಬಂತು. ಮೇಸ್ತ್ರಿ ಅದನ್ನು ತಂದು ಮೆಟ್ಟಿಲಕ್ಕನ ಮುಂದೆ ಹಿಡಿದ.

"ಏನಮ್ಮಾ, ನಾಲ್ಕನೇ ಸ್ಮಾರಕದ ಹತ್ರ ಗುಡಿಸ್ತಿಲ್ವಂತೆ? ನೋಡಿದೋರಿಗೆ ಪಾಳು ಬಿದ್ದ ಹಾಗೆ ಕಾಣುತ್ತಂತೆ. ಯಾರೋ ಹಿತೈಷಿ ದೂರು ಕೊಟ್ಟಿದಾರೆ."

ತಾನು ಎಸೆದ ಕಲ್ಲು ತನ್ನ ತಲೆಗೇ. ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೋದ.

"ನಾನೇ ಬರೆದದ್ದು ಅಂತ ಹೇಳಬೇಕಿತ್ತು ಅಂತೀರಾ?" ಎಂದು ನನ್ನನ್ನೇ ಕೇಳುತ್ತಾರೆ. "ಕಸ ಹೊಡೆಯೋಳು ಅರ್ಜಿ ಬರೀತಾಳಾ ಅಂತ ಇನ್ನೊಂದು ನೋಟಿಸು ಬರ್ತಿತ್ತು. ಸಹಿ ಹಾಕಿದೆ. ಅದರಲ್ಲಿ 'ಎಚ್ಚರಿಕೆ'ಗೆ ಒತ್ತು ಬಿಟ್ಟಿದ್ರು. ತಿದ್ದೋಣ ಅಂತ ಕೈ ತುರಿಸ್ತು, ಸುಮ್ಮನಾದೆ."

ಎರಡನೇ ಸಲ ಧೈರ್ಯ ಮಾಡಿ ಹೆಸರು ಹಾಕಿ, ಬಿಡಿಸಿ ಬಿಡಿಸಿ ಬರೆದರು. ಈ ಸಲ ಅದು ಸ್ಮಾರಕಗಳ ವಿಭಾಗಕ್ಕೇ ಹೋಯಿತು. ಸದರಿ ಕಟ್ಟಡದಲ್ಲಿ ಜನವಸತಿ ಇತ್ತೆಂಬುದಕ್ಕೆ ಲಿಖಿತ ದಾಖಲೆ ಒದಗಿಸಿ ಎಂದು ಉತ್ತರ ಬಂತು. ಮೆಟ್ಟಿಲಕ್ಕ ಅಪ್ಪ ನಿದ್ದೆಯಲ್ಲಿದ್ದಾಗ ಬಿಲ್ಲೆ ಎತ್ತಿಕೊಂಡು ಹೋದರು. ಅಲ್ಲಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ಬರಹವೇ ಇಲ್ಲವಲ್ಲಮ್ಮ ಎಂದರು.

"ಮನೆ ಖಾಲಿ ಮಾಡಿಸಿದ್ದು ಬಾಯಿಮಾತಲ್ಲಿ. ಇದ್ವಿ ಅನ್ನೋದಕ್ಕೆ ಮಾತ್ರ ಕಾಗದ ಬೇಕಂತೆ" ಎನ್ನುತ್ತಾರೆ.

ನಾನೂ ಆ ಕಚೇರಿಗೆ ಹೋದೆ. ಪತ್ರಿಕೆಯವನೆಂದು ಕುರ್ಚಿ ಸಿಕ್ಕಿತು, ಚಹಾ ಸಿಕ್ಕಿತು. ಮಾತು ಮುಂದುವರಿದಂತೆ ಸತ್ಯವೂ ಸಿಕ್ಕಿತು. ಹಳೆಯ ಕಡತದಲ್ಲಿ 'ಪಾಳಿಮನೆ' ಎಂದೇ ಇತ್ತಂತೆ. ಪಟ್ಟಿ ತಿದ್ದಿದ ಗುಮಾಸ್ತರು ಎದುರಿಗೇ ಕೂತಿದ್ದರು, ಮುಚ್ಚುಮರೆ ಇಲ್ಲದ ಮನುಷ್ಯ.

"ಪಾಳಿಮನೆ ಅಂತ ನಾನು ಎಲ್ಲೂ ಕೇಳಿರಲಿಲ್ಲ. ಹೋಗಿ ನೋಡಿದ್ರೆ ಮನೆ ಬೇರೆ ಖಾಲಿ, ಮಾಡು ಕುಸಿದಿತ್ತು. ಟೈಪಿನ ತಪ್ಪು ಅಂದ್ಕೊಂಡು ಪಾಳು ಅಂತ ತಿದ್ದಿದೆ" ಎಂದರು. ಸ್ವಲ್ಪ ಹೆಮ್ಮೆಯೂ ಇತ್ತು. "ಹೊರಗಿನೋರು ಓದೋದಲ್ವಾ, ಕಾಗುಣಿತ ಸರಿ ಇರಬೇಕು ನೋಡಿ."

ಮನೆ ಖಾಲಿಯಿದ್ದುದು ಇವರೇ ಖಾಲಿ ಮಾಡಿಸಿದ್ದರಿಂದ. ಮಾಡು ಕುಸಿದದ್ದು ರಿಪೇರಿ ಮಾಡುತ್ತೇವೆಂದು ಹೆಂಚು ಇಳಿಸಿ ಎರಡು ಮಳೆಗಾಲ ಹಾಗೇ ಬಿಟ್ಟದ್ದರಿಂದ. ಆಮೇಲೆ ಫಲಕದ ಒಕ್ಕಣೆ ಬರೆಯಲು ಕರೆಸಿದ ತಜ್ಞರು ಆ ಒಂದು ಕೊಂಬಿಗೆ ಶತಮಾನದ ಚರಿತ್ರೆ ಕಟ್ಟಿದರು. ನಾನು ಅದಕ್ಕೆ ಮೌನ ಸೇರಿಸಿದೆ, ಮಾರ್ಗದರ್ಶಿ ದೆವ್ವ ಸೇರಿಸಿದ. ಅಕ್ಷರ ಬಲ್ಲ ನಾಲ್ಕು ಜನ ಸೇರಿ ನಾಲ್ಕು ಸಂಸಾರವನ್ನು ನುಂಗಿ ನೀರು ಕುಡಿದೆವು. ಇಷ್ಟಾಗಿಯೂ ಯಾರೂ ಕೆಟ್ಟವರಲ್ಲ, ಹೊಟ್ಟೆ ಉರಿಯುವುದು ಅದಕ್ಕೇ.

"ಈಗ ತಿದ್ದಬಹುದಲ್ಲ?" ಎಂದೆ.

"ಎರಕ ಹೊಯ್ದಾಗಿದೆ ಸಾರ್. ಒಂದು ಗುಡಿಸಿಗೋಸ್ಕರ ಇಡೀ ಫಲಕ ಕರಗಿಸೋಕಾಗುತ್ತಾ?" ಎಂದರು ಗುಮಾಸ್ತರು. ಮುಂದಿನ ಸಲ ಫಲಕ ಬದಲಿಸುವಾಗ ನೋಡೋಣ ಎಂದೂ ಸೇರಿಸಿದರು. ಈ ಲೋಹ ಅರವತ್ತು ವರ್ಷ ಬಾಳುತ್ತದಂತೆ.

ಈ ಸುದ್ದಿ ಹೇಳಲು ಮೂರನೇ ಮಹಡಿ ಹತ್ತಿದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೋಮವಾರ ಬೆಳಿಗ್ಗೆ ಹೋಗುವುದೆಂದು ತೀರ್ಮಾನಿಸಿ, ಕೆಳಗಿನ ಮನೆಯ ಆಟೋದವನಿಗೆ ತಾವೇ ಹೇಳಿಬಿಟ್ಟಿದ್ದರು. "ನನ್ನ ಮಗಳು ಪಾಚಿ ನೆಪ ಹೇಳ್ತಾಳೆ. ಆ ಮೆಟ್ಟಿಲ ಮೇಲೆ ನಾನು ನಲವತ್ತೊಂದು ವರ್ಷ ಇದ್ದೋನು. ಪಾಚಿಗೆ ನನ್ನ ಗುರುತಿದೆ" ಎಂದರು. ನಾನು ಕಚೇರಿಯ ವಿಷಯ ಎತ್ತಲಿಲ್ಲ. ಬಾಗಿಲಲ್ಲಿ ಮೆಟ್ಟಿಲಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು, ಒದ್ದೆ ಏನೂ ಇರಲಿಲ್ಲ.

ಸೋಮವಾರ. ಆಟೋ ಹಾದಿಯ ಕೊನೆಯ ತನಕ ಬರುವುದಿಲ್ಲ, ಗೇಟಿನಿಂದ ಇನ್ನೂರು ಹೆಜ್ಜೆ ನಡೆಯಬೇಕು. ಒಂದು ತೋಳಿಗೆ ಮಗಳು, ಇನ್ನೊಂದು ತೋಳಿಗೆ ನಾನು. ಅಪ್ಪನ ಅಂಗಿಯ ಜೇಬಿನಲ್ಲಿ ಬಿಲ್ಲೆ. ನೀರಿನ ವಾಸನೆ ಬರುತ್ತಿದ್ದಂತೆ ಅವರ ಕಾಲಿಗೆ ಬಲ ಬಂತು. ನನ್ನ ಕೈ ಬಿಡಿಸಿಕೊಂಡು, "ಇಲ್ಲೊಂದು ತಿರುವು, ಆಮೇಲೆ ಇಳಿಜಾರು" ಎಂದು ನಮಗೇ ದಾರಿ ಹೇಳಿದರು. ಮೆಟ್ಟಿಲಕ್ಕ ಬೆಳಿಗ್ಗೆ ಐದೂಮುಕ್ಕಾಲಿಗೆ ಒರೆಸಿ ಹೋಗಿದ್ದ ಫಲಕ ಬಿಸಿಲಲ್ಲಿ ಹೊಳೆಯುತ್ತಿತ್ತು. ಮಗಳು ಅಪ್ಪನ ಬಲಗೈ ಹಿಡಿದು ಮೊದಲನೇ ಅಕ್ಷರದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಮುದುಕನ ಬೆರಳು ನಿಧಾನ. "ಪಾ" ಎಂದರು ಗಟ್ಟಿಯಾಗಿ. ಬೆರಳು ಮುಂದಕ್ಕೆ ಹೋಯಿತು. 'ಳ'ವನ್ನು ಒಂದು ಸುತ್ತು ಸುತ್ತಿ ಅಕ್ಷರದ ತಲೆಯ ಮೇಲೆ ಹೋಯಿತು. ಗುಡಿಸು 'ಳ'ಕಾರದ ತಲೆಯ ಮೇಲಿರಬೇಕು. ಅಲ್ಲಿ ನುಣ್ಣಗಿತ್ತು. ಬೆರಳು ಮತ್ತೊಮ್ಮೆ ಹುಡುಕಿತು. ಆಮೇಲೆ ಬಲಪಕ್ಕಕ್ಕೆ ಇಳಿದು ಕೊಂಬಿಗೆ ತಾಗಿ ನಿಂತಿತು.

ತುಂಬ ಹೊತ್ತು ನಿಂತಿತು. ಓದುವುದನ್ನು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಪ್ಪ ಓದು ನಿಲ್ಲಿಸುವವರಲ್ಲ. ಬಗ್ಗಿ ಕೆಳಗಿನ ಸಣ್ಣಕ್ಷರಗಳ ಮೇಲೆ ಬೆರಳಾಡಿಸುತ್ತಾ ಹೋದರು. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. 'ಜನವಸತಿ ಇಲ್ಲದೆ' ಎಂಬಲ್ಲಿಗೆ ಬಂದಾಗ ಮಾತ್ರ ಆ ಮೂರಕ್ಷರ, 'ಇಲ್ಲದೆ' ಎಂಬುದು, ಸಣ್ಣಗೆ ಕೇಳಿಸಿತು. ನಡಿಗೆಗೆ ಬಂದ ದಂಪತಿಗಳು ಪಕ್ಕದಲ್ಲಿ ನಿಂತು, ಕಣ್ಣಿಲ್ಲದವರೂ ಓದುತ್ತಿದ್ದಾರೆ ನೋಡು, ಎಷ್ಟು ಒಳ್ಳೆ ವ್ಯವಸ್ಥೆ ಎಂದುಕೊಂಡು ಮುಂದೆ ಹೋದರು.

ಅಪ್ಪ ನೆಟ್ಟಗಾದರು. ಮಗಳಿದ್ದ ಕಡೆಗಲ್ಲ, ನದಿಯ ಕಡೆಗೆ ಮುಖ ಮಾಡಿದರು.

"ಇದನ್ನ ದಿನಾ ಯಾರು ಒರೆಸ್ತಾರೆ?"

"ನಾನೇ ಅಪ್ಪಾ."

ಅವರು ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. ಧೂಳಿರಲಿಲ್ಲ.

"ಚೆನ್ನಾಗಿ ಒರೆಸಿದೀಯ" ಎಂದರು. "ಒಂದಕ್ಷರಾನೂ ಮಾಸಿಲ್ಲ."

ವಾಪಸಾಗುವಾಗ ನನ್ನ ತೋಳನ್ನೂ ಹಿಡಿದುಕೊಂಡರು. ಬಿಲ್ಲೆಯನ್ನು ಆ ಮನೆಯ ಬಾಗಿಲಿಗೆ ಒಂದು ಸಲ ನೇತುಹಾಕುವ ಆಸೆ ಇತ್ತೆಂದು ಮೆಟ್ಟಿಲಕ್ಕ ಆಮೇಲೆ ಹೇಳಿದರು. ಅದು ಜೇಬಿನಲ್ಲೇ ಮನೆಗೆ ಬಂತು. ಈಗ ಅವರು ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಬಸ್ಸು ಬಂದರೂ ಹೋದರೂ ಪಾಳಿ ಎಣಿಸುವುದಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಹಾದಿಗೆ ಹೋದೆ. ಮೆಟ್ಟಿಲಕ್ಕ ಬರಲಾರರು ಎಂದುಕೊಂಡಿದ್ದೆ, ಬಂದರೂ ನಾಲ್ಕನೇ ಫಲಕದ ಕಡೆ ಸುಳಿಯಲಾರರು ಎಂದುಕೊಂಡಿದ್ದೆ. ನದಿ ದಂಡೆಯಲ್ಲಿ ಪಾಚಿಗೆ ಬಿಡುವಿಲ್ಲ, ಮೂರು ತಿಂಗಳು ಕೈ ಹಚ್ಚದಿದ್ದರೆ ಆ ಒಂದಕ್ಷರ ತಾನಾಗಿ ಮುಚ್ಚಿಹೋಗುತ್ತದೆ, ಯಾವ ಕಚೇರಿಯ ಅಪ್ಪಣೆಯೂ ಬೇಕಾಗಿಲ್ಲ. ಹಾಗೆ ಬಿಟ್ಟುಬಿಡಿ ಎಂದು ನಾನೇ ಹೇಳಬೇಕೆಂದಿದ್ದೆ.

ಐದೂಮುಕ್ಕಾಲಿಗೆ ಸರಿಯಾಗಿ ಅವರು ಅಲ್ಲಿದ್ದರು. ಬಟ್ಟೆಯ ತುದಿಯನ್ನು ಕಡ್ಡಿಗೆ ಸುತ್ತಿ ಕೊಂಬಿನ ಸಂದಿಯ ಧೂಳು ತೆಗೆಯುತ್ತಿದ್ದರು.

"ಈ ಒಂದಕ್ಷರ ಬಿಟ್ಟು ಉಳಿದದ್ದು ಒರೆಸೋಣ ಅಂತ ತೀರ್ಮಾನ ಮಾಡ್ಕೊಂಡೇ ಮನೆಯಿಂದ ಹೊರಟಿದ್ದೆ" ಎಂದರು, ಕೈ ನಿಲ್ಲಿಸದೆ. "ಆಗಲಿಲ್ಲ. ನಮ್ಮ ಮನೇಲಿ ಯಾರೂ ಪಾಳಿ ತಪ್ಪಿಸಿಲ್ಲ."